ಜಾಲದೊಳಗೆ ಇಣುಕಿ ನೋಡಿದವರು

ಗಣಕಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಯಂತ್ರಗಳನ್ನೂ ಅವನ್ನು ಮಾರಿ ಸಿರಿವಂತರಾದವರನ್ನೂ ಕುರಿತು ಬರೆದಿದ್ದಾರೆ. ಆ ಹೊತ್ತಗೆಗಳಲ್ಲಿ ಹೆಚ್ಚೆಂದರೆ ಒಂದು ಅಡಿಟಿಪ್ಪಣಿಯ ಜಾಗ ಪಡೆಯುವ ಕೆಲವು ಪುಟ್ಟ ಸಾಧನಗಳಿವೆ. ಕಪ್ಪು ಪರದೆಯ ಮೇಲೆ ಒಂದು ಪದವನ್ನು ಬೆರಳಚ್ಚಿಸಿ ಎಂಟರ್ ಒತ್ತಿದರೆ ಓಡತೊಡಗುವ, ಚಿತ್ರವಿಲ್ಲದ, ಬಣ್ಣವಿಲ್ಲದ ಸಾಧನಗಳು: ಪಿಂಗ್, ಟ್ರೇಸ್‌ರೂಟ್, ಟಿಸಿಪಿಡಂಪ್, ಎನ್‌ಮ್ಯಾಪ್. ಮನೆಯ ಇಂಟರ್‌ನೆಟ್ ಕೈಕೊಟ್ಟ ದಿನ ರಿಪೇರಿಗೆ ಬಂದ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಮೊದಲು ಬೆರಳಚ್ಚಿಸುವುದು ಇವುಗಳಲ್ಲಿ ಒಂದನ್ನೇ. ದಶಕಗಳಿಂದ ಇವುಗಳ ರೂಪ ಹೆಚ್ಚು ಬದಲಾಗಿಲ್ಲ. ಗಣಕಲೋಕದಲ್ಲಿ ಇಷ್ಟು ಕಾಲ ಬಾಳಿದ ವಸ್ತುಗಳು ಅಪರೂಪ.

ಇವುಗಳ ಚರಿತ್ರೆಯನ್ನು ನಾವು ಬರೆಯಹೊರಟಿರುವುದಕ್ಕೆ ಕುತೂಹಲದ ಜೊತೆಗೆ ಇನ್ನೊಂದು ಕಾರಣವೂ ಇದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಕನ್ನಡ ಇಂದು ಬಹುಪಾಲು ತಂತಿಯ ಮೂಲಕವೇ ತಲುಪುತ್ತದೆ. ಆ ತಂತಿಯಲ್ಲಿ ಏನು ಹರಿಯುತ್ತಿದೆ, ಯಾರ ಯಾರ ಕೈ ದಾಟಿ ಬರುತ್ತಿದೆ, ದಾರಿಯಲ್ಲಿ ಅದನ್ನು ಓದಬಲ್ಲವರು ಯಾರು ಎಂಬ ಪ್ರಶ್ನೆಗಳು ಎಂಜಿನಿಯರುಗಳಿಗಷ್ಟೇ ಸೇರಿದವಲ್ಲ.

ಹಳೆಯ ದೂರವಾಣಿ ವ್ಯವಸ್ಥೆಯಲ್ಲಿ ಎಕ್ಸ್‌ಚೇಂಜ್ ಎಂಬುದೊಂದಿತ್ತು. ಯಾವ ತಂತಿ ಯಾವುದಕ್ಕೆ ಸೇರಿದೆ, ಎಲ್ಲಿ ತುಂಡಾಗಿದೆ ಎಂಬುದನ್ನು ಅಲ್ಲಿ ಕುಳಿತವರು ಬಲ್ಲವರಾಗಿದ್ದರು. ಅಮೆರಿಕದ ಅರ್ಪಾನೆಟ್ 1983ರ ಜನವರಿ 1ರಂದು ಟಿಸಿಪಿ-ಐಪಿ ನಿಯಮಾವಳಿಗೆ ಬದಲಾದಾಗ ನೆಲೆಗೊಂಡ ಪದ್ಧತಿ ಇದಕ್ಕಿಂತ ತೀರ ಬೇರೆ. ಸಂದೇಶವನ್ನು ಚೂರುಚೂರು ಮಾಡಿ ಪ್ಯಾಕೆಟ್‌ಗಳಾಗಿಸಿ, ಒಂದೊಂದರ ಮೇಲೂ ವಿಳಾಸ ಬರೆದು ಬಿಟ್ಟುಬಿಡುತ್ತಾರೆ. ನಡುವಿನ ರೂಟರ್ ವಿಳಾಸ ನೋಡಿ ಮುಂದಿನವನ ಕೈಗೆ ದಾಟಿಸಿ ಮರೆತುಬಿಡುತ್ತದೆ. ಇಡೀ ದಾರಿಯನ್ನು ಬಲ್ಲವರು ನಡುವೆ ಯಾರೂ ಇಲ್ಲ. ಜಾಲ ಅಷ್ಟು ಬೇಗ ಬೆಳೆಯಲು ಈ ಮರೆವೇ ಕಾರಣ. ಆದರೆ ಏನಾದರೂ ಕೆಟ್ಟಾಗ ಎಲ್ಲಿ ಕೆಟ್ಟಿತು ಎಂದು ಕೇಳಲು ಯಾವ ಕಚೇರಿಯೂ ಇರಲಿಲ್ಲ. ಒಟ್ಟಿನಲ್ಲಿ, ಮನೆ ಕಟ್ಟಿದವರು ಕಿಟಕಿ ಇಡುವುದನ್ನು ಮರೆತಿದ್ದರು.

ಮೊದಲ ಕಿಟಕಿ ಕೊರೆದವರು ಮೈಕ್ ಮೂಸ್. ಮೇರಿಲ್ಯಾಂಡ್ ರಾಜ್ಯದ ಅಬರ್‌ಡೀನಿನಲ್ಲಿ ಅಮೆರಿಕದ ಸೇನೆಗೆ ಸೇರಿದ ಕ್ಷಿಪಣಿ-ಫಿರಂಗಿಗಳ ಸಂಶೋಧನಾಲಯವೊಂದರಲ್ಲಿ ಅವರು ಕೆಲಸ ಮಾಡುತ್ತಿದ್ದರು. 1983ರ ಜುಲೈಯಲ್ಲಿ ನಾರ್ವೆಯಲ್ಲಿ ನಡೆದ ಸಭೆಯೊಂದರಲ್ಲಿ ಡೇವಿಡ್ ಮಿಲ್ಸ್ ಎಂಬ ವಿದ್ವಾಂಸರು ಆಡಿದ ಮಾತೊಂದು ಅವರ ಮನಸ್ಸಿನಲ್ಲಿ ಉಳಿದಿತ್ತು. ಜಾಲದ ನಿಯಮಾವಳಿಯಲ್ಲಿ ‘ಮಾರ್ದನಿ’ ಎಂಬ ಒಂದು ಬಗೆಯ ಸಂದೇಶಕ್ಕೆ ಅವಕಾಶವಿತ್ತು. ಅದನ್ನು ಪಡೆದ ಯಂತ್ರ ಬಂದದ್ದನ್ನು ಹಾಗೆಯೇ ಹಿಂದಕ್ಕೆ ಕಳುಹಿಸಬೇಕು. ಅದು ಹೋಗಿ ಬರುವ ಹೊತ್ತನ್ನು ಅಳೆದರೆ ದಾರಿಯ ಸ್ಥಿತಿ ತಿಳಿಯುತ್ತದೆ ಎಂದು ಮಿಲ್ಸ್ ತಮ್ಮ ಪ್ರಯೋಗಗಳ ಬಗ್ಗೆ ಹೇಳುತ್ತಿದ್ದರು. ಅದೇ ಡಿಸೆಂಬರಿನಲ್ಲಿ ಪ್ರಯೋಗಾಲಯದ ಜಾಲ ವಿಚಿತ್ರವಾಗಿ ವರ್ತಿಸತೊಡಗಿದಾಗ ಮೂಸ್ ಆ ಮಾತನ್ನು ನೆನೆದು, ಒಂದು ಸಂಜೆ ಕುಳಿತು ಸುಮಾರು ಸಾವಿರ ಸಾಲುಗಳ ಪ್ರೋಗ್ರಾಮೊಂದನ್ನು ಬರೆದರು. ಮರ್ಮವಿದ್ದುದು ಯೂನಿಕ್ಸಿನ ತಿರುಳಿನೊಳಗೆ. ಇಂಥ ಸಂದೇಶವನ್ನು ಸಾಮಾನ್ಯ ಪ್ರೋಗ್ರಾಮು ಕಳುಹಿಸಲು ಅಲ್ಲಿ ಏರ್ಪಾಡೇ ಇರಲಿಲ್ಲ. ಅದನ್ನೂ ಅವರೇ ಬರೆದು ಸೇರಿಸಿದರು. ಬರೆದು ಮುಗಿಸುವ ಹೊತ್ತಿಗೆ ಮೂಲ ತೊಂದರೆ ಯಂತ್ರಾಂಶದ್ದೆಂದು ತಿಳಿದು ಆಗಲೇ ಸರಿಹೋಗಿತ್ತಂತೆ. ಪ್ರೋಗ್ರಾಮು ಮಾತ್ರ ಉಳಿಯಿತು.

ಅದಕ್ಕೆ ಅವರು ಪಿಂಗ್ ಎಂದು ಹೆಸರಿಟ್ಟರು. ಜಲಾಂತರ್ಗಾಮಿ ನೌಕೆಗಳು ನೀರಿನೊಳಗೆ ಒಂದು ಸದ್ದನ್ನು ಬಿಟ್ಟು, ಅದು ಅಡ್ಡಬಂದ ವಸ್ತುವಿಗೆ ತಾಗಿ ಮರಳುವ ಹೊತ್ತಿನಿಂದ ದೂರವನ್ನು ಎಣಿಸುತ್ತವೆಯಲ್ಲ, ಆ ಸದ್ದಿನ ಅನುಕರಣೆ ಅದು. ಆ ಮೂರು-ನಾಲ್ಕು ಅಕ್ಷರಗಳನ್ನು ಬಿಡಿಸಿ ಉದ್ದನೆಯ ಇಂಗ್ಲಿಷ್ ಪದಪುಂಜ ಮಾಡಿದವರು ಮಿಲ್ಸ್. ಮೂಸ್ ಅವರಿಗೆ ಮಾತ್ರ ಅದು ಸದ್ದೇ ಆಗಿತ್ತು. ಪಿಂಗಿನ ಬಗ್ಗೆ ತಾವು ಕೇಳಿದ ಅತ್ಯುತ್ತಮ ಕತೆಯೆಂದು ಅವರು ಬರೆದಿಟ್ಟಿರುವ ಪ್ರಸಂಗವೂ ಸದ್ದನ್ನು ಕುರಿತದ್ದೇ. ಒಂದು ಕಟ್ಟಡದಲ್ಲಿ ಜಾಲದ ಕೇಬಲ್ ಎಲ್ಲೋ ಸಡಿಲವಾಗಿ ಆಗಾಗ ಸಂಪರ್ಕ ತಪ್ಪುತ್ತಿತ್ತು. ಅಲ್ಲಿನ ಮೇಲ್ವಿಚಾರಕ ಪ್ರತಿ ಮಾರ್ದನಿಗೂ ಗಣಕ ‘ಪಿಂಗ್’ ಎಂದು ಬಾಯಿಬಿಟ್ಟು ಹೇಳುವಂತೆ ಮಾಡಿ, ಅದನ್ನು ಸ್ಟೀರಿಯೋಗೆ ಜೋಡಿಸಿ, ಸಹಿಸಬಲ್ಲಷ್ಟು ಜೋರಾಗಿಟ್ಟನು. ಆಮೇಲೆ ಕಟ್ಟಡವಿಡೀ ಓಡಾಡುತ್ತ ಒಂದೊಂದು ಜೋಡಣೆಯನ್ನೂ ಅಲುಗಾಡಿಸಿದನು. ಯಾವುದನ್ನು ಮುಟ್ಟಿದಾಗ ಸದ್ದು ನಿಂತಿತೋ ಅಲ್ಲಿ ದೋಷ ಸಿಕ್ಕಿತು.

ಮುಂದೆ ಇದು ಬರ್ಕ್ಲಿ ಯೂನಿಕ್ಸಿನ ಜೊತೆ ಎಲ್ಲೆಡೆ ಹಂಚಿಹೋಯಿತು. ಮೂಸ್ ಅದರಿಂದ ಕಾಸು ಮಾಡಿಕೊಳ್ಳಲಿಲ್ಲ. ತಮ್ಮ ಜೀವನದ ಪ್ರಸಿದ್ಧ ಸಾಧನೆ ಇದೇ ಆಗುತ್ತದೆಂದು ಮೊದಲೇ ಗೊತ್ತಿದ್ದರೆ ಇನ್ನೂ ಒಂದೆರಡು ದಿನ ಅದರ ಮೇಲೆ ಕೆಲಸ ಮಾಡುತ್ತಿದ್ದೆನೆಂದು ತಮಾಷೆಯಾಗಿ ಬರೆದುಕೊಂಡಿದ್ದಾರೆ. 2000ದ ನವೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

ಪಿಂಗ್ ಹೇಳುವುದು ಒಂದೇ ಸಂಗತಿ: ಆ ತುದಿಯಲ್ಲಿ ಯಾರೋ ಇದ್ದಾರೆ, ಅಥವಾ ಇಲ್ಲ. ನಡುದಾರಿಯ ಬಗ್ಗೆ ಅದು ಮೌನಿ. ಆ ಮೌನವನ್ನು ಮುರಿದ ಕತೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ಬೆಟ್ಟಕ್ಕೆ ಹೋಗಬೇಕು. ವಿಶ್ವವಿದ್ಯಾಲಯದ ಆವರಣ ಕೆಳಗಿದೆ. ಅದರ ಮೇಲೆ, ಬೆಟ್ಟದ ಇಳಿಜಾರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯವಿದೆ. ಈ ಎರಡರ ಗಣಕಗಳ ನಡುವಿನ ದೂರ 400 ಗಜ, ಜಾಲದ ಲೆಕ್ಕದಲ್ಲಿ ಎರಡೇ ಹೆಜ್ಜೆ. 1986ರ ಅಕ್ಟೋಬರಿನಲ್ಲಿ ಒಂದು ದಿನ ಈ ದಾರಿಯಲ್ಲಿ ಸೆಕೆಂಡಿಗೆ 32,000 ಬಿಟ್‌ಗಳಷ್ಟು ಹರಿಯುತ್ತಿದ್ದ ಮಾಹಿತಿ 40 ಬಿಟ್‌ಗಳಿಗೆ ಇಳಿಯಿತು. ಸೆಕೆಂಡಿಗೆ ಐದು ಅಕ್ಷರ! ಕಾಗದದ ಮೇಲೆ ಬರೆದುಕೊಂಡು ಬೆಟ್ಟ ಇಳಿದು ಹೋಗಿ ಕೊಟ್ಟುಬಂದಿದ್ದರೆ ಬೇಗ ಮುಗಿಯುತ್ತಿತ್ತು.

ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್ಸನ್ ಇದರ ಬೆನ್ನು ಹತ್ತಿದರು. ಅವರೂ ವಿಶ್ವವಿದ್ಯಾಲಯದ ಮೈಕ್ ಕ್ಯಾರೆಲ್ಸರೂ ಕೂಡಿ ಕಂಡುಕೊಂಡ ಕಾರಣ ಸರಳವಾಗಿತ್ತು, ಸ್ವಲ್ಪ ವ್ಯಂಗ್ಯವಾಗಿಯೂ ಇತ್ತು. ದಾರಿಯಲ್ಲಿ ದಟ್ಟಣೆಯಾಗಿ ಪ್ಯಾಕೆಟ್ ತಡವಾದರೆ, ಕಳುಹಿಸಿದ ಯಂತ್ರ ಅದು ಕಳೆದುಹೋಯಿತೆಂದು ಭಾವಿಸಿ ಇನ್ನೊಂದು ಪ್ರತಿ ಕಳುಹಿಸುತ್ತಿತ್ತು. ಎಲ್ಲ ಯಂತ್ರಗಳೂ ಹೀಗೆಯೇ ಮಾಡಿದಾಗ ದಾರಿ ಪ್ರತಿಗಳಿಂದಲೇ ತುಂಬಿತು, ಹೊಸದಕ್ಕೆ ಜಾಗ ಉಳಿಯಲಿಲ್ಲ. ದಾದರ್ ನಿಲ್ದಾಣದ ಮೇಲ್ಸೇತುವೆಯಲ್ಲಿ ಸಂಜೆ ಆರಕ್ಕೆ ಹಿಂದಿನವರು ಮುಂದಿನವರನ್ನು ನೂಕಿದಂತೆ. 1988ರಲ್ಲಿ ಅವರಿಬ್ಬರ ಹೆಸರಿನಲ್ಲಿ ಬಂದ ಪ್ರಬಂಧ, ಯಂತ್ರಗಳು ನಿಧಾನವಾಗಿ ಆರಂಭಿಸಿ, ನಷ್ಟ ಕಂಡೊಡನೆ ಹಿಂದೆ ಸರಿಯಬೇಕೆಂಬ ಶಿಸ್ತನ್ನು ವಿಧಿಸಿತು. ಇಂಟರ್‌ನೆಟ್ ಆ ದಶಕದಲ್ಲೇ ಕುಸಿದು ಬೀಳದಿರಲು ಈ ಪ್ರಬಂಧ ದೊಡ್ಡ ಕಾರಣವೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ನಮಗೆ ಇಲ್ಲಿ ಮುಖ್ಯವಾದುದು ಅವರು ನೋಡಿದ ಬಗೆ. ಔಷಧಿಗೆ ಮೊದಲು ನಾಡಿ ಹಿಡಿಯಬೇಕಷ್ಟೆ. ತಂತಿಯಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಹಿಡಿದು, ಹೊತ್ತು ಗುರುತಿಸಿ, ಸಾಲಾಗಿ ಬರೆದು ತೋರಿಸುವ ಸಾಧನ ಆ ಪ್ರಯೋಗಾಲಯದ ಗುಂಪಿನಲ್ಲೇ ಹುಟ್ಟಿತು. ಜೇಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಇವರ ಕೈಯಲ್ಲಿ 1988ರಲ್ಲಿ ರೂಪುಗೊಂಡ ಅದಕ್ಕೆ ಟಿಸಿಪಿಡಂಪ್ ಎಂದು ಹೆಸರು. ಹರಿಯುವುದೆಲ್ಲವನ್ನೂ ಹಿಡಿಯಹೋದರೆ ಯಂತ್ರವೇ ಮುಳುಗಿಹೋಗುತ್ತದೆ. ಆದ್ದರಿಂದ ಬೇಕಾದುದನ್ನಷ್ಟೇ ಯಂತ್ರದ ತಿರುಳಿನೊಳಗೇ ಸೋಸಿಕೊಳ್ಳುವ ಜರಡಿಯೊಂದನ್ನು ಮೆಕ್ಯಾನ್ ಮತ್ತು ಜೇಕಬ್ಸನ್ ರಚಿಸಿ 1993ರ ಆರಂಭದಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಆ ಜರಡಿಯ ವಂಶದ ಕುಡಿ ಇಂದಿನ ಲಿನಕ್ಸ್ ಯಂತ್ರಗಳಲ್ಲೆಲ್ಲ ಇದೆ. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಈಥರಿಯಲ್ ಎಂಬ ಹೆಸರಿನಲ್ಲಿ ಹೊರತಂದು, 2006ರಲ್ಲಿ ವೈರ್‌ಶಾರ್ಕ್ ಎಂದು ಮರುನಾಮಕರಣಗೊಂಡ ಸಾಧನ ಪ್ಯಾಕೆಟ್ ಹಿಡಿಯಲು ನೆಚ್ಚಿಕೊಂಡದ್ದೂ ಇದೇ ಗುಂಪಿನ ಕೆಲಸವನ್ನು.

ಇದೇ ಜೇಕಬ್ಸನ್ನರ ಇನ್ನೊಂದು ಕೃತಿ ಟ್ರೇಸ್‌ರೂಟ್. ನಮ್ಮ ಅಭಿರುಚಿಯಲ್ಲಿ ಈ ಇಡೀ ಚರಿತ್ರೆಯ ಅತ್ಯಂತ ಚೆಲುವಾದ ಉಪಾಯ ಇದೇ. ಸ್ಟೀವ್ ಡೀರಿಂಗ್ ನೀಡಿದ ಒಂದು ಸೂಚನೆಯಿಂದ ಅದು ಹುಟ್ಟಿತು. ಪ್ಯಾಕೆಟ್‌ಗಳು ದಾರಿ ತಪ್ಪಿ ಜಾಲದೊಳಗೆ ಕೊನೆಯಿಲ್ಲದೆ ಸುತ್ತುತ್ತಿರಬಾರದೆಂದು ಪ್ರತಿಯೊಂದಕ್ಕೂ ಒಂದು ಆಯುಷ್ಯವನ್ನು ನಿಗದಿಮಾಡಿರುತ್ತಾರೆ. ಪ್ರತಿ ರೂಟರೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಆಯುಷ್ಯ ಸೊನ್ನೆಯಾದ ಕಡೆ ಪ್ಯಾಕೆಟ್ ಸಾಯುತ್ತದೆ, ಮತ್ತು ಅದು ಸತ್ತ ರೂಟರ್ ಕಳುಹಿಸಿದವರಿಗೆ ಸಾವಿನ ಸುದ್ದಿ ತಿಳಿಸುತ್ತದೆ. ಆ ಸುದ್ದಿಯ ಮೇಲೆ ರೂಟರಿನ ವಿಳಾಸವಿರುತ್ತದೆ. ಟ್ರೇಸ್‌ರೂಟ್ ಮಾಡುವುದಿಷ್ಟೇ: ಮೊದಲು ಆಯುಷ್ಯ ಒಂದು ಎಂದು ಬರೆದು ಕಳುಹಿಸುತ್ತದೆ, ಮೊದಲ ರೂಟರಿನಿಂದ ಸಾವಿನ ಸುದ್ದಿ ಬರುತ್ತದೆ. ಆಮೇಲೆ ಎರಡು, ಆಮೇಲೆ ಮೂರು. ಸಾಲು ಸಾಲಾಗಿ ಬಂದ ಸಾವಿನ ಓಲೆಗಳನ್ನು ಜೋಡಿಸಿದರೆ ದಾರಿಯ ನಕ್ಷೆ ಸಿದ್ಧ! ರೂಟರುಗಳಿಗೆ ಹೊಸದೇನನ್ನೂ ಕಲಿಸಬೇಕಾಗಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ದೋಷವನ್ನು ವರದಿ ಮಾಡಲೆಂದು ಇದ್ದ ನಿಯಮವನ್ನೇ ಕಣ್ಣಾಗಿಸಿಕೊಂಡದ್ದು ಇದರ ಜಾಣ್ಮೆ. ಇದಕ್ಕೂ ಮಿತಿಗಳಿವೆ. ಕೆಲವು ರೂಟರುಗಳು ಸುದ್ದಿ ಕಳುಹಿಸದೆ ಸುಮ್ಮನಿರುತ್ತವೆ, ಆಗ ಪರದೆಯ ಮೇಲೆ ಮೂರು ನಕ್ಷತ್ರಗಳಷ್ಟೇ ಮೂಡುತ್ತವೆ. ಹೋದ ದಾರಿಯಲ್ಲೇ ಮರಳಿ ಬರಬೇಕೆಂಬ ನಿಯಮ ಜಾಲದಲ್ಲಿಲ್ಲವಾದ್ದರಿಂದ ಮರುದಾರಿಯೂ ಇದರಲ್ಲಿ ಕಾಣುವುದಿಲ್ಲ.

ಜಾಲ ಉಸಿರುಗಟ್ಟಿದ ಅದೇ 1986ರಲ್ಲಿ, ಅದೇ ಪ್ರಯೋಗಾಲಯದಲ್ಲಿ, ಇನ್ನೊಬ್ಬರು ಬೇರೊಂದು ಕಾರಣಕ್ಕೆ ತಂತಿಯೊಳಗೆ ನೋಡುತ್ತಿದ್ದರು. ಕ್ಲಿಫರ್ಡ್ ಸ್ಟೋಲ್ ವೃತ್ತಿಯಲ್ಲಿ ಖಗೋಳವಿಜ್ಞಾನಿ. ಸಂಶೋಧನೆಯ ಹಣ ಮುಗಿದು ಗಣಕ ವಿಭಾಗಕ್ಕೆ ವರ್ಗವಾಗಿ ಬಂದಿದ್ದರು. ಆಗಸ್ಟ್ ತಿಂಗಳಲ್ಲಿ ಗಣಕ ಬಳಕೆಯ ಲೆಕ್ಕಪತ್ರದಲ್ಲಿ 75 ಸೆಂಟಿನ ವ್ಯತ್ಯಾಸ ಕಂಡಿತು. ಹೊಸಬರಿಗೆ ಕೊಡುವ ಚಿಲ್ಲರೆ ಕೆಲಸವೆಂದು ಅದನ್ನು ಅವರ ಪಾಲಿಗೆ ಹಾಕಲಾಯಿತು. ನಮ್ಮ ಬ್ಯಾಂಕುಗಳಲ್ಲಿ ದಿನದ ಕೊನೆಗೆ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಹತ್ತರವರೆಗೆ ಕುಳಿತು ಹುಡುಕುತ್ತಿದ್ದ ಹಳೆಯ ತಲೆಮಾರಿನವರಿಗೆ ಸ್ಟೋಲರ ಹಟ ಚೆನ್ನಾಗಿ ಅರ್ಥವಾದೀತು. ಆ 75 ಸೆಂಟಿನ ಹಿಂದೆ ಯಾರೋ ಹೊರಗಿನವನು ಕಳ್ಳಖಾತೆಯೊಂದರಿಂದ ಒಳಗೆ ಓಡಾಡುತ್ತಿದ್ದನು.

ಸ್ಟೋಲರಿಗೆ ಟಿಸಿಪಿಡಂಪ್ ಇರಲಿಲ್ಲ, ಅದು ಇನ್ನೂ ಹುಟ್ಟಿರಲಿಲ್ಲ. ಒಂದು ವಾರಾಂತ್ಯ ಸಹೋದ್ಯೋಗಿಗಳ ಮೇಜಿನ ಮೇಲಿದ್ದ ಪ್ರಿಂಟರು, ಟರ್ಮಿನಲ್, ಗಣಕಗಳನ್ನು ಕೇಳದೆಯೇ ಎತ್ತಿಕೊಂಡು ಬಂದು, ಹೊರಗಿನಿಂದ ಬರುವ 50 ತಂತಿಗಳಿಗೆ ಒಂದೊಂದನ್ನು ಜೋಡಿಸಿದರು. ಒಳನುಗ್ಗಿದವನು ಒತ್ತಿದ ಪ್ರತಿಯೊಂದು ಕೀಲಿಯೂ ಕಾಗದದ ಮೇಲೆ ಅಚ್ಚಾಯಿತು. ಗಣಕದೊಳಗೆ ಪ್ರೋಗ್ರಾಮು ಬರೆದು ಕಾವಲಿಟ್ಟಿದ್ದರೆ ಆತ ಅದನ್ನು ಕಂಡುಹಿಡಿದುಬಿಡುತ್ತಿದ್ದನು. ತಂತಿಗೆ ಕಿವಿಗೊಟ್ಟ ಪ್ರಿಂಟರನ್ನು ಆತ ನೋಡುವ ದಾರಿಯೇ ಇರಲಿಲ್ಲ. ಹೀಗೆ ತಿಂಗಳುಗಟ್ಟಲೆ ನಡೆಯಿತು. ಆತ ಈ ಪ್ರಯೋಗಾಲಯವನ್ನು ಮೆಟ್ಟಿಲಾಗಿಸಿಕೊಂಡು ಸುಮಾರು 450 ಗಣಕಗಳ ಬಾಗಿಲು ತಟ್ಟಿದ್ದನು, 30ಕ್ಕಿಂತ ಹೆಚ್ಚು ಕಡೆ ಒಳಹೊಕ್ಕಿದ್ದನು. ಅವುಗಳಲ್ಲಿ ಬಹಳಷ್ಟು ಸೇನೆಗೆ ಸೇರಿದವು. ಆತ ಸೂಕ್ಷ್ಮವಾದ ಕಡತಕ್ಕೆ ಕೈಹಾಕಿದಾಗ ಸ್ಟೋಲ್ ತಂತಿಯ ಜೋಡಣೆಗೆ ತಮ್ಮ ಬೀಗದಕೈ ಗೊಂಚಲನ್ನು ತಾಗಿಸಿ ಗಲಗಲ ಅಲ್ಲಾಡಿಸುತ್ತಿದ್ದರಂತೆ. ತುದಿಯಲ್ಲಿದ್ದವನಿಗೆ ಅದು ದೂರವಾಣಿ ತಂತಿಯ ಗರಗರವೆಂದೇ ತೋರುತ್ತಿತ್ತು.

ಆತ ಎಲ್ಲಿಂದ ಬರುತ್ತಿದ್ದಾನೆ? ಉತ್ತರಗಳು ಮರಳಿ ಬರಲು ಹಿಡಿಯುವ ಹೊತ್ತನ್ನು ಅಳೆದು, ಆತ ಸಾವಿರಾರು ಮೈಲಿ ದೂರದಲ್ಲಿದ್ದಾನೆಂದು ಸ್ಟೋಲ್ ಊಹಿಸಿದರು. ಮೂಸ್ ಪಿಂಗಿನಲ್ಲಿ ಬಳಸಿದ ತತ್ತ್ವವೇ ಇದು. ಕೊನೆಗೆ, ಕ್ಷಿಪಣಿ ರಕ್ಷಣಾ ಯೋಜನೆಯ ದಾಖಲೆಗಳಂತೆ ತೋರುವ ಹುಸಿ ಕಡತಗಳನ್ನು ಸೃಷ್ಟಿಸಿಟ್ಟು, ಆತ ಅವನ್ನು ಓದುತ್ತ ಗಂಟೆಗಟ್ಟಲೆ ಕೂರುವಂತೆ ಮಾಡಿದರು. ಆ ಹೊತ್ತಿನಲ್ಲಿ ದೂರವಾಣಿ ಇಲಾಖೆಗಳು ಜಾಡು ಹಿಡಿದು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು ತಲುಪಿದವು. ಮಾರ್ಕಸ್ ಹೆಸ್ ಎಂಬಾತ ಮತ್ತು ಅವನ ಸಂಗಡಿಗರು ತಮಗೆ ಸಿಕ್ಕಿದ್ದನ್ನು ಸೋವಿಯತ್ ಗುಪ್ತಚರರಿಗೆ ಮಾರುತ್ತಿದ್ದರು. 1990ರಲ್ಲಿ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದು ಸಾರಿ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. ಸ್ಟೋಲ್ 1989ರಲ್ಲಿ ಬರೆದ ಪುಸ್ತಕದ ಹೆಸರು ‘ಕುಕೂಸ್ ಎಗ್’, ಎಂದರೆ ಪರಪುಟ್ಟನ ಮೊಟ್ಟೆ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದನ್ನು ಬಾಲ್ಯದಿಂದ ಕೇಳಿಕೊಂಡು ಬಂದ ನಮಗೆ ಆ ಹೆಸರಿಗೆ ವಿವರಣೆ ಬೇಡ.

ಈ ಎರಡು ಕತೆಗಳನ್ನು ನಾವು ಒಟ್ಟಿಗೆ ಇಟ್ಟು ನೋಡುವುದಕ್ಕೆ ಕಾರಣವಿದೆ. ಜೇಕಬ್ಸನ್ ನೋಡಿದ್ದು ಜಾಲದ ಆರೋಗ್ಯವನ್ನು, ಸ್ಟೋಲ್ ನೋಡಿದ್ದು ಒಬ್ಬ ಮನುಷ್ಯನನ್ನು. ತಂತಿಗೆ ಕಿವಿಗೊಡುವ ಕ್ರಿಯೆ ಮಾತ್ರ ಒಂದೇ. ಹೆಸ್‌ನ ಬೆರಳುಗಳನ್ನು ಓದಿದ ಪ್ರಿಂಟರು, ಜೋಡಿಸಿದ ತಂತಿಯಲ್ಲಿ ಸಭ್ಯನೊಬ್ಬ ತನ್ನ ಹೆಂಡತಿಗೆ ಬರೆದ ಕಾಗದವಿದ್ದಿದ್ದರೆ ಅದನ್ನೂ ಓದುತ್ತಿತ್ತು. ಸ್ಟೋಲ್ ಈ ಸಂಗತಿಯನ್ನು ಬಲ್ಲವರಾಗಿದ್ದರು. ಅವರ ನಂತರ ಬಂದವರೆಲ್ಲರೂ ಅಷ್ಟು ಸೂಕ್ಷ್ಮಜ್ಞರಾಗಿರಲಿಲ್ಲ.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ ಹುಳು ಪ್ರೋಗ್ರಾಮು ಸಾವಿರಾರು ಗಣಕಗಳನ್ನು ಸ್ತಂಭಿಸಿತು. ಆ ಕತೆ ಬೇಕಾದಷ್ಟು ಕಡೆ ಬಂದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಅಂದಿನಿಂದ ಜಾಲದಲ್ಲಿ ಪರಸ್ಪರ ನಂಬಿಕೆಯ ಕಾಲ ಮುಗಿಯಿತು ಎಂದಷ್ಟೇ ಹೇಳಬಹುದು. ಆಗಿನ ಈಥರ್ನೆಟ್‌ನಲ್ಲಿ ಒಂದು ಕೊಠಡಿಯ ಗಣಕಗಳೆಲ್ಲ ಒಂದೇ ತಂತಿಗೆ ಜೋತುಬಿದ್ದಿರುತ್ತಿದ್ದವು. ವಠಾರದ ಗೋಡೆಗಳ ಹಾಗೆ, ಯಾರ ಮಾತು ಬೇಕಾದರೂ ಯಾರಿಗೂ ಕೇಳುತ್ತಿತ್ತು. ಪಾಸ್‌ವರ್ಡುಗಳೂ ಬಿಡಿ ಅಕ್ಷರಗಳಲ್ಲೇ ಹರಿಯುತ್ತಿದ್ದವು. ಪ್ಯಾಕೆಟ್ ಹಿಡಿಯುವ ಸಾಧನವನ್ನು ಕಳ್ಳನೊಬ್ಬ ಒಂದು ಗಣಕದಲ್ಲಿ ನೆಟ್ಟರೆ ಸಾಕಾಗಿತ್ತು. 1994ರ ಫೆಬ್ರುವರಿಯಲ್ಲಿ ಅಮೆರಿಕದ ಸರ್ಟ್ ಸಂಸ್ಥೆ ಹೀಗೆ ಹತ್ತಾರು ಸಾವಿರ ಪಾಸ್‌ವರ್ಡುಗಳು ಕಳುವಾಗಿರಬಹುದೆಂದು ಎಚ್ಚರಿಸಿತು. ಮರುವರ್ಷ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ಅದೇ ನಡೆದಾಗ, ಅಲ್ಲಿನ ಸಂಶೋಧಕ ತಾತು ಯುಲೋನೆನ್ ಸಂಭಾಷಣೆಯನ್ನೆಲ್ಲ ಗೂಢಲಿಪಿಗೆ ಬದಲಿಸಿ ಕಳುಹಿಸುವ ಎಸ್‌ಎಸ್‌ಎಚ್ ಎಂಬ ಸಾಧನವನ್ನು ಬರೆದು 1995ರಲ್ಲಿ ಬಿಡುಗಡೆ ಮಾಡಿದರು. ದೂರದ ಗಣಕಗಳನ್ನು ನಿರ್ವಹಿಸುವವರು ಇಂದಿಗೂ ಬಳಸುವುದು ಅದರ ವಂಶಜರನ್ನೇ.

ಅದೇ ವರ್ಷದ ಏಪ್ರಿಲ್ 5ರಂದು ಇನ್ನೊಂದು ಗದ್ದಲ. ಅಮೆರಿಕದ ಡ್ಯಾನ್ ಫಾರ್ಮರ್ ಮತ್ತು ನೆದರ್‌ಲ್ಯಾಂಡ್ಸಿನ ವೀಟ್ಸೆ ವೆನೆಮಾ ಒಂದು ಜಾಲವನ್ನು ಹೊರಗಿನಿಂದ ತಪಾಸಣೆ ಮಾಡಿ ಅದರ ದೌರ್ಬಲ್ಯಗಳನ್ನು ಪಟ್ಟಿಮಾಡುವ ಸಾಧನವೊಂದನ್ನು ಯಾರು ಬೇಕಾದರೂ ಪಡೆಯುವಂತೆ ಬಿಡುಗಡೆ ಮಾಡಿದರು. ಅದಕ್ಕಿಟ್ಟ ಹೆಸರು ಸೇಟನ್, ಎಂದರೆ ಸೈತಾನ. ಪತ್ರಿಕೆಗಳು ಜಗತ್ತು ಮುಳುಗಿತೆಂಬಂತೆ ಬರೆದವು. ಕಳ್ಳರ ಕೈಗೆ ಬೀಗದಕೈ ಕೊಟ್ಟಿದ್ದಾರೆಂದು ಹಲವರು ಕೂಗೆದ್ದರು. ಹೆಸರಿನಿಂದ ನೊಂದವರಿಗಾಗಿ ಅದರೊಳಗೇ ಒಂದು ಪುಟ್ಟ ಪ್ರೋಗ್ರಾಮಿತ್ತು. ಅದನ್ನು ಓಡಿಸಿದರೆ ಅಕ್ಷರಗಳು ಅದಲುಬದಲಾಗಿ ಸೈತಾನ ಸಾಂತಾ ಕ್ಲಾಸನಾಗುತ್ತಿದ್ದ! ಜಗತ್ತು ಮುಳುಗಲಿಲ್ಲ. ತಮ್ಮ ಮನೆಯ ಬಾಗಿಲುಗಳಲ್ಲಿ ಎಷ್ಟು ತೆರೆದಿವೆಯೆಂದು ಹಲವು ಸಂಸ್ಥೆಗಳಿಗೆ ಮೊದಲ ಬಾರಿಗೆ ತಿಳಿಯಿತು. ಈ ವೆನೆಮಾ ಸುಮ್ಮನೆ ಗದ್ದಲವೆಬ್ಬಿಸಿದವರಲ್ಲ. 1990ರ ಸುಮಾರಿಗೆ ಅವರಿದ್ದ ಐಂಡ್ಹೋವನ್ ವಿಶ್ವವಿದ್ಯಾಲಯದ ಗಣಕಗಳಿಗೆ ನುಗ್ಗಿ ಕಡತಗಳನ್ನೆಲ್ಲ ಅಳಿಸಿಹಾಕುತ್ತಿದ್ದವನೊಬ್ಬನ ಜಾಡು ಹಿಡಿಯಲು, ಬಾಗಿಲಿಗೆ ಬಂದವರ ಹೆಸರು ಬರೆದಿಡುವ ಸಾಧನವನ್ನು ರಚಿಸಿದ್ದವರು ಅವರೇ.

1997ರ ಸೆಪ್ಟೆಂಬರಿನಲ್ಲಿ ಗಾರ್ಡನ್ ಲಯನ್ ಎಂಬವರು ‘ಫ್ಯೊದರ್’ ಎಂಬ ಅಡ್ಡಹೆಸರಿನಲ್ಲಿ ಎನ್‌ಮ್ಯಾಪ್ ಪ್ರಕಟಿಸಿದರು. ಹೆಸರು ದಸ್ತಯೇವ್‌ಸ್ಕಿಯಿಂದ ಬಂದದ್ದು ಎಂಬುದು ನಮ್ಮಂಥ ಸಾಹಿತ್ಯದವರಿಗೆ ಸಣ್ಣ ಸಂತೋಷ. ಒಂದು ಗಣಕಕ್ಕೆ 65,535 ಬಾಗಿಲುಗಳಿವೆಯೆಂದುಕೊಂಡರೆ, ಯಾವುದು ತೆರೆದಿದೆ, ಅದರ ಹಿಂದೆ ಯಾರು ಕುಳಿತಿದ್ದಾರೆ ಎಂಬುದನ್ನು ಎನ್‌ಮ್ಯಾಪ್ ತಟ್ಟಿ ತಟ್ಟಿ ಹೇಳುತ್ತದೆ. 2003ರಲ್ಲಿ ತೆರೆಕಂಡ ‘ಮೇಟ್ರಿಕ್ಸ್ ರಿಲೋಡೆಡ್’ ಚಿತ್ರದಲ್ಲಿ ನಾಯಕಿ ವಿದ್ಯುತ್ ಕೇಂದ್ರದ ಗಣಕಕ್ಕೆ ನುಗ್ಗುವಾಗ ಬಳಸುವುದು ಇದನ್ನೇ. ಸಿನಿಮಾದವರು ಗಣಕವನ್ನು ಸರಿಯಾಗಿ ತೋರಿಸಿದ ಅಪರೂಪದ ಸಂದರ್ಭವದು.

ಸಾಧನವನ್ನು ಅಡಗಿಸಿಡಬೇಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಎಸ್‌ಎಸ್‌ಎಚ್ ಬಂದದ್ದು ಪ್ಯಾಕೆಟ್ ಹಿಡಿಯುವವರನ್ನು ನಿಷೇಧಿಸಿದ್ದರಿಂದಲ್ಲ. ಹಿಡಿಯಬಲ್ಲರೆಂಬುದು ಎಲ್ಲರಿಗೂ ತಿಳಿದದ್ದರಿಂದ. ಪಿಂಗಿಗೂ ಒಮ್ಮೆ ಅಪಖ್ಯಾತಿ ಬಂದಿತ್ತು. 1996-97ರ ಸುಮಾರಿಗೆ, ನಿಗದಿತ ಗಾತ್ರಕ್ಕಿಂತ ದೊಡ್ಡದಾದ ಮಾರ್ದನಿಯ ಪ್ಯಾಕೆಟ್ ಕಳುಹಿಸಿದರೆ ಹಲವು ಯಂತ್ರಗಳು ಕುಸಿದು ಬೀಳುತ್ತಿದ್ದವು. ಹೆದರಿದ ಮೇಲ್ವಿಚಾರಕರು ಮಾರ್ದನಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿಬಿಟ್ಟರು, ಕೆಲವರು ಇಂದಿಗೂ ಕೊಡುವುದಿಲ್ಲ. ಯಂತ್ರಗಳ ದೋಷ ಬೇಗನೆ ಸರಿಹೋಯಿತು, ಮೌನ ಮಾತ್ರ ಅಭ್ಯಾಸವಾಗಿ ಉಳಿಯಿತು. ಹಾಗೆಂದು ಬೇರೆಯವರ ಬಾಗಿಲನ್ನು ತಟ್ಟುವುದು ನಿರಪಾಯವೆಂದು ತರುಣ ಓದುಗರು ತಿಳಿಯಬಾರದು. ಒಡೆಯನ ಅನುಮತಿಯಿಲ್ಲದೆ ಗಣಕಕ್ಕೆ ಪ್ರವೇಶಿಸುವುದು ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅದನ್ನೇ ದುರುದ್ದೇಶದಿಂದ ಮಾಡಿದರೆ 66ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಸ್ವಂತ ಮನೆಯ ರೂಟರು, ಸ್ವಂತ ಗಣಕ, ಇವುಗಳ ಮೇಲೆ ಎನ್‌ಮ್ಯಾಪ್ ಓಡಿಸಿ ನೋಡಲಿ. ಟೀವಿಯೂ ಕ್ಯಾಮೆರಾವೂ ತೆರೆದಿಟ್ಟುಕೊಂಡ ಬಾಗಿಲುಗಳನ್ನು ಕಂಡು ಅಚ್ಚರಿಪಡುವುದಕ್ಕೆ ಅಷ್ಟೇ ಸಾಕು.

ಈ ಸಾಧನಗಳು ನಮ್ಮ ನೆಲಕ್ಕೆ ಬಂದದ್ದು ವಿದ್ವಾಂಸರ ಜೊತೆಯಲ್ಲಿ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ 1986ರಲ್ಲಿ ಆರಂಭಿಸಿದ ಅರ್ನೆಟ್ ಜಾಲದ ಮೊದಲ ಸದಸ್ಯರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು, ಮುಂಬಯಿಯ ಜುಹುವಿನಲ್ಲಿದ್ದ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರವೂ ಇತ್ತು. ಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ನಮ್ಮಲ್ಲಿ ಕೆಲವರು ಆ ದಿನಗಳಲ್ಲಿ ಬಳಸಿದ ‘ಶೆಲ್ ಖಾತೆ’ಯಲ್ಲಿ ಚಿತ್ರವಿರಲಿಲ್ಲ, ಅಕ್ಷರಗಳಷ್ಟೇ ಇದ್ದವು. ಕನ್ನಡದ ಅಕ್ಷರ ಅದರಲ್ಲಿ ಮೂಡುತ್ತಲೇ ಇರಲಿಲ್ಲ.

ಆ ಕಾಲದ ಒಂದು ವಿಪರ್ಯಾಸವನ್ನು ಟ್ರೇಸ್‌ರೂಟ್ ಬಲ್ಲವರು ಕಣ್ಣಾರೆ ನೋಡಬಹುದಾಗಿತ್ತು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಓಡುತ್ತದೆ. ಮುಂಬಯಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 1,000 ಕಿಲೋಮೀಟರ್. ಆ ದಾರಿಯಲ್ಲೇ ತಂತಿ ಹಾಸಿದ್ದರೆ ಪ್ಯಾಕೆಟ್ ಹೋಗಿ ಬರಲು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಮುಂಬಯಿಯಲ್ಲಿ ಒಂದು ಕಂಪನಿಯ ಸಂಪರ್ಕವಿದ್ದು ಬೆಂಗಳೂರಿನ ಗೆಳೆಯನದು ಇನ್ನೊಂದು ಕಂಪನಿಯದಾಗಿದ್ದರೆ, ಅದರ ಇಪ್ಪತ್ತು ಮೂವತ್ತು ಪಟ್ಟು ಹೊತ್ತು ಹಿಡಿದರೂ ಆಶ್ಚರ್ಯವಿರಲಿಲ್ಲ. ಏಕೆಂದರೆ ದೇಶದೊಳಗೆ ಈ ಕಂಪನಿಗಳು ಪರಸ್ಪರ ಕೈಕುಲುಕುವ ಜಾಗವೇ ಇರಲಿಲ್ಲ. ಎರಡೂ ತಮ್ಮ ತಮ್ಮ ಸಮುದ್ರದ ಕೇಬಲಿನ ಮೂಲಕ ಹೊರದೇಶಕ್ಕೆ ಹೋಗಿ, ಹಲವು ವೇಳೆ ಅಮೆರಿಕದವರೆಗೂ ಹೋಗಿ, ಅಲ್ಲಿ ಭೇಟಿಯಾಗುತ್ತಿದ್ದವು. ಹುಬ್ಬಳ್ಳಿಯ ಮೇಲೆ ಹೋಗಬೇಕಾದ ಕಾಗದ ಸಾಗರ ದಾಟಿ ಬರುತ್ತಿತ್ತು. ಇದನ್ನು ತಪ್ಪಿಸಲೆಂದೇ 2003ರಲ್ಲಿ ರಾಷ್ಟ್ರೀಯ ಇಂಟರ್‌ನೆಟ್ ವಿನಿಮಯ ಸಂಸ್ಥೆಯಾದ ನಿಕ್ಸಿ ಸ್ಥಾಪನೆಯಾಯಿತು. ಅದರ ಮೊದಲ ಕೇಂದ್ರ ನೋಯ್ಡಾದಲ್ಲಿ ತೆರೆಯಿತು, ಆಮೇಲೆ ಮುಂಬಯಿ, ಚೆನ್ನೈ ಮೊದಲಾದ ಕಡೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಸಮುದ್ರದಡಿಯ ಎರಡು ಕೇಬಲುಗಳು ತುಂಡಾಗಿ ಭಾರತದ ಹೊರಸಂಪರ್ಕ ತೀರ ಕ್ಷೀಣಿಸಿದಾಗ, ಒಳದಾರಿಯೊಂದು ಇರುವುದರ ಬೆಲೆ ಏನೆಂದು ಅನೇಕರಿಗೆ ಮನವರಿಕೆಯಾಯಿತು.

ಇಂದು ಅದೇ ಆದೇಶವನ್ನು ಮುಂಬಯಿಯಲ್ಲೋ ಚೆನ್ನೈಯಲ್ಲೋ ಕುಳಿತು ಬೆಂಗಳೂರಿನ ದೊಡ್ಡ ಕನ್ನಡ ಪತ್ರಿಕೆಯೊಂದರ ತಾಣದ ಹೆಸರು ಹಾಕಿ ಓಡಿಸಿದರೆ ಬರುವ ಉತ್ತರ ಬೇರೆಯದೇ. ದೊಡ್ಡ ತಾಣಗಳೆಲ್ಲ ತಮ್ಮ ಪುಟಗಳ ನಕಲನ್ನು ಓದುಗರ ಸಮೀಪದ ಊರುಗಳಲ್ಲಿ ಇರಿಸುವ ಕಂಪನಿಗಳಿಗೆ ಹಣ ತೆತ್ತಿರುತ್ತವೆ. ಟಿಸಿಪಿಡಂಪ್ ಹಿಡಿದು ಕುಳಿತರೆ ಪುಟದ ಒಂದಕ್ಷರವೂ ಓದಲು ಸಿಗುವುದಿಲ್ಲ, ಅದೆಲ್ಲ ಗೂಢಲಿಪಿಯಲ್ಲಿರುತ್ತದೆ. ಹೊರಗಿನ ವಿಳಾಸ, ಹೊತ್ತು, ಗಾತ್ರ ಇಷ್ಟು ಮಾತ್ರ ಕಾಣುತ್ತವೆ. ನಮಗೆ ಸಂಪರ್ಕ ಒದಗಿಸುವ ಕಂಪನಿಗೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತದೆ. ಟ್ರೇಸ್‌ರೂಟ್ ಮನೆಯ ರೂಟರಿನಿಂದ ಹೊರಟು, ಸಂಪರ್ಕದ ಕಂಪನಿಯ ಎರಡು ಮೂರು ಯಂತ್ರಗಳನ್ನು ದಾಟಿ, ನಡುವೆ ಒಂದೆರಡು ಕಡೆ ಮೂರು ಮೂರು ನಕ್ಷತ್ರಗಳನ್ನು ತೋರಿಸಿ, ಏಳೆಂಟು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಬಹಳ ಸಲ ಅದು ನಿಲ್ಲುವುದು ನಾವಿರುವ ನಗರದೊಳಗೇ.